ಹಳೇ ಲ್ಯಾಬಿಗೆ ಎರಡು ಹೊಸ ಕಂಪ್ಯೂಟರ್, ಐದು ಸೆಕೆಂಡ್ ಹ್ಯಾಂಡ್: ಯಾವುದು ಹೊಂದಿಕೊಂಡಿತು?

ಮೊದಲೇ ಹೇಳಿಬಿಡುತ್ತೇನೆ, ನಮ್ಮಲ್ಲಿ ಗೆದ್ದದ್ದು ಸೆಕೆಂಡ್ ಹ್ಯಾಂಡ್. ಆ ಎರಡು ಹೊಸದಕ್ಕೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮದು ಅನುದಾನಿತ ಪ್ರೌಢಶಾಲೆ. ನಾನು ಗಣಿತದ ಮೇಷ್ಟ್ರು, ಲ್ಯಾಬ್ ನನ್ನ ತಲೆಗೆ ಕಟ್ಟಿದ್ದು. ಅಲ್ಲಿ ವಿಂಡೋಸ್ ಎಕ್ಸ್‌ಪಿಯ ಒಂಬತ್ತು ಕಂಪ್ಯೂಟರ್‌ಗಳಿವೆ. ಮೂಲೆಯಲ್ಲಿರುವುದನ್ನು ಎಲ್ಲರೂ ‘ಸರ್ವರ್’ ಅನ್ನುತ್ತಾರೆ. ಅದು ಸರ್ವರ್ ಅಲ್ಲ, ಹಂಚಿಕೆಯ ಫೋಲ್ಡರ್ ಇರುವ ಮಾಮೂಲಿ ಪೆಟ್ಟಿಗೆ ಅಷ್ಟೇ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಮಕ್ಕಳು ಬಿಡಿಸಿದ ಚಿತ್ರ ಎಲ್ಲ ಅದರಲ್ಲೇ.

ಹಳೆಯ ವಿದ್ಯಾರ್ಥಿಗಳು 1 ಲಕ್ಷ 20 ಸಾವಿರ ರೂಪಾಯಿ ಕೊಟ್ಟರು. ಮೊದಲು ವಿಂಡೋಸ್ 11 ಹೋಮ್ ಇರುವ ಎರಡು ಹೊಸ ಕಂಪ್ಯೂಟರ್ ತಂದೆವು, ಮಾನಿಟರ್ ಬಿಟ್ಟು ಒಂದಕ್ಕೆ 29 ಸಾವಿರ. ಒಂದು ಲ್ಯಾಬಿಗೆ, ಒಂದು ಕಚೇರಿಗೆ. ಅವು ಪಾಠ ಕಲಿಸಿದ ಮೇಲೆ ಕಂಪನಿ ಕಚೇರಿಗಳಿಂದ ಹೊರಬಿದ್ದ, ಇಂಟೆಲ್‌ನ 4ನೇ ತಲೆಮಾರಿನ ಐ5 ಪ್ರೊಸೆಸರ್ ಇರುವ ಐದು ಹಳೇ ಕಂಪ್ಯೂಟರ್ ತಂದು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೆ. ಎಸ್‌ಎಸ್‌ಡಿ ಸೇರಿ ಒಂದಕ್ಕೆ ಹನ್ನೊಂದೂವರೆ ಸಾವಿರ. ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಮೇಲಿನದ್ದನ್ನೇ ಕೇಳುತ್ತದೆ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿಯಿತು. ಹಾಗಾಗಿ ಇವಕ್ಕೆ ಲಿನಕ್ಸೇ ಗತಿ.

ಈಗ ಆ ಪಾಠದ ಕಥೆ. ಹೊಸದನ್ನು ಕಂಪ್ಯೂಟರ್‌ಗಳನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸಿದೆ. ಇಂಟರ್‌ನೆಟ್ ಬಂತು, ಪಿಂಗ್ ಮಾಡಿ ಕರೆದರೆ ‘ಸರ್ವರ್’ ಓಗೊಟ್ಟಿತು, ಆದರೆ ಅದರ ಫೋಲ್ಡರ್ ತೆರೆಯಲೇ ಇಲ್ಲ. ಕೇಬಲ್ ಬದಲಾಯಿಸಿದೆ, ವರ್ಕ್‌ಗ್ರೂಪ್ ಹೆಸರು ನೋಡಿದೆ, ಫೈರ್‌ವಾಲ್ ಆಫ್ ಮಾಡಿದೆ. ಒಂದು ಶನಿವಾರ ಪೂರ್ತಿ ಹೋಯಿತು. ವಿಷಯ ಇಷ್ಟೇ: ಎಕ್ಸ್‌ಪಿಗೆ ಫೈಲ್ ಹಂಚಲು ಎಸ್‌ಎಂಬಿ 1 ಅನ್ನುವ ಹಳೇ ಭಾಷೆ ಒಂದೇ ಗೊತ್ತು. 2017ರ ಮೇನಲ್ಲಿ ವನ್ನಾಕ್ರೈ ವೈರಸ್ ಜಗತ್ತಿನ ತುಂಬ ಓಡಾಡಿದ್ದು ಅದರಲ್ಲಿದ್ದ ತೂತಿನಿಂದಲೇ. ಆ ವರ್ಷದ ಕೊನೆಯಿಂದ ಹೊಸ ವಿಂಡೋಸ್‌ಗಳಲ್ಲಿ ಅದು ತಾನಾಗಿ ಬರುವುದಿಲ್ಲ.

ಸರಿ, ‘ವಿಂಡೋಸ್ ಫೀಚರ್ಸ್’ ಪಟ್ಟಿಗೆ ಹೋಗಿ ಎಸ್‌ಎಂಬಿ 1ಕ್ಕೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದೆ. ಫೋಲ್ಡರ್ ಬಂತು! ಹೆಡ್‌ಮಾಸ್ಟರರ ಮುಂದೆ ಎದೆ ಉಬ್ಬಿಸಿಕೊಂಡು ನಿಂತೆ.

ದಸರಾ ರಜೆ ಮುಗಿದು ಶಾಲೆ ಶುರುವಾದ ದಿನವೇ ಕಚೇರಿಯ ಮೇಡಂ ಬಂದರು. “ಸರ್, ಫೋಲ್ಡರ್ ಮತ್ತೆ ಹೋಯ್ತು.” ನೋಡಿದರೆ ನಾನು ಹಾಕಿದ ಟಿಕ್ಕೇ ಇಲ್ಲ. ಯಾರೋ ಕೈಯಾಡಿಸಿದ್ದಾರೆ ಅಂತ ಸುಮ್ನೆ ಇಬ್ಬರನ್ನು ಅನುಮಾನಿಸಿದೆ, ಪಾಪ. ಯಾರೂ ಮುಟ್ಟಿರಲಿಲ್ಲ. ಆ ಟಿಕ್ಕಿನ ಕೆಳಗೆ ಮೂರು ಮರಿ ಟಿಕ್‌ಗಳಿವೆ, ಮೇಲಿನದ್ದನ್ನು ಒತ್ತಿದರೆ ಮೂರೂ ಬೀಳುತ್ತವೆ. ಅದರಲ್ಲಿ ಒಂದು ‘ಆಟೋಮ್ಯಾಟಿಕ್ ರಿಮೂವಲ್’. ಕಂಪ್ಯೂಟರ್ ಆನ್ ಇದ್ದ ಸಮಯವೆಲ್ಲ ಕೂಡಿ 15 ದಿನ ಎಸ್‌ಎಂಬಿ 1 ಬಳಕೆಯಾಗದಿದ್ದರೆ ಅದು ತನ್ನನ್ನು ತಾನೇ ಕಿತ್ತುಕೊಳ್ಳುತ್ತದೆ. ಆಫ್ ಆಗಿದ್ದ ಹೊತ್ತು ಲೆಕ್ಕಕ್ಕಿಲ್ಲ. ಕಚೇರಿಯ ಯಂತ್ರಕ್ಕೆ ಪ್ರಿಂಟರ್ ಇದೆ ಅಂತ ನಿದ್ದೆ ಹೋಗದ ಹಾಗೆ ಇಟ್ಟಿದ್ದೆ, ಇನ್ವರ್ಟರ್ ಬೇರೆ ಇತ್ತು. ರಜೆಯಿಡೀ ಎಚ್ಚರವಾಗಿದ್ದು ದಿನ ಎಣಿಸಿದೆ. ಲ್ಯಾಬಿನದ್ದು ಆಫ್ ಆಗಿತ್ತು, ಅದರ ಟಿಕ್ ಹಾಗೇ ಇತ್ತು! ಪ್ರೊ ಆವೃತ್ತಿ ಕೊಂಡಿದ್ದರೆ ಇನ್ನೂ ಕಷ್ಟವಿತ್ತು. ವಿಂಡೋಸ್ 11ರ 24ಎಚ್2 ಅನ್ನುವ ಅಪ್‌ಡೇಟ್‌ನಿಂದ ಅದು ಪಾಸ್‌ವರ್ಡ್ ಇಲ್ಲದ ಗೆಸ್ಟ್ ಫೋಲ್ಡರನ್ನೂ ಒಪ್ಪುವುದಿಲ್ಲ.

ಮಿಂಟ್ ಕೂಡ ಸಾಧು ಏನಲ್ಲ. ಅದರಲ್ಲಿ ಫೈಲ್ ಹಂಚುವ ಕೆಲಸ ನೋಡಿಕೊಳ್ಳುವ ಸಾಂಬಾ ಅನ್ನುವ ತಂತ್ರಾಂಶ ಕೂಡ 2019ರಿಂದ ಎಸ್‌ಎಂಬಿ 1 ಅನ್ನು ತಾನಾಗಿ ಮುಟ್ಟುವುದಿಲ್ಲ. (ಸಾಂಬಾ ಹಾಕ್ತಿದ್ದೀನಿ ಅಂದಾಗ ಬಿಸಿಯೂಟದ ಅಕ್ಕ ಬಿದ್ದು ಬಿದ್ದು ನಕ್ಕರು.) ಆದರೆ ಇಲ್ಲಿ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬರೆದರೆ ಆಯಿತು. ಬರೆದದ್ದು ಬರೆದ ಹಾಗೇ ಇರುತ್ತದೆ, ರಜೆಯಲ್ಲಿ ಮಾಯವಾಗುವುದಿಲ್ಲ.

ಆಮೇಲೆ ಇನ್ನೂ ಒಳ್ಳೆಯ ದಾರಿ ಹೊಳೆಯಿತು. ಐದರಲ್ಲಿ ಒಂದನ್ನೇ ಹೊಸ ‘ಸರ್ವರ್’ ಮಾಡಿ ಫೋಲ್ಡರನ್ನು ಅದಕ್ಕೆ ಸಾಗಿಸಿದೆ. ಕನಿಷ್ಠ ಪ್ರೋಟೋಕಾಲನ್ನು ‘ಎನ್‌ಟಿ1’ಗೆ, ಅಂದರೆ ಅದೇ ಹಳೇ ಎಸ್‌ಎಂಬಿ 1ಕ್ಕೆ ಇಳಿಸಲು ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು, ಎಕ್ಸ್‌ಪಿ ಹಳೇ ರೀತಿಯಲ್ಲಿ ಕಳಿಸುವ ಪಾಸ್‌ವರ್ಡ್ ಒಪ್ಪಲು ‘ಎನ್‌ಟಿಎಲ್‌ಎಂ ಆಥ್’ ಎಂಬ ಇನ್ನೊಂದು ಸಾಲು. ಈಗ ಅದು ಎಕ್ಸ್‌ಪಿಗಳ ಜೊತೆ ಹಳೇ ಭಾಷೆ ಆಡುತ್ತದೆ, ವಿಂಡೋಸ್ 11ರ ಜೊತೆ ಹೊಸದು. ವಿಂಡೋಸ್‌ನಲ್ಲಿ ಆ ಟಿಕ್ಕಿನ ಹಂಗೇ ತಪ್ಪಿತು. ಇನ್ನೊಂದು ಲಾಭ: ಎಕ್ಸ್‌ಪಿ ಪ್ರೊಫೆಷನಲ್ ಒಂದೇ ಹೊತ್ತಿಗೆ 10 ಯಂತ್ರಗಳನ್ನು ಮಾತ್ರ ಒಳಗೆ ಬಿಡುತ್ತದೆ. ಹನ್ನೊಂದನೆಯ ಕಂಪ್ಯೂಟರಿನಲ್ಲಿ ಕೂತ ಹುಡುಗ “ಸಾರ್, ನಂದು ಬರ್ತಿಲ್ಲ” ಅನ್ನುವುದು ನಿಂತಿತು. ಈ ಸಡಿಲಿಕೆ ಸುರಕ್ಷಿತವಲ್ಲ, ಗೊತ್ತು. ಅದಕ್ಕೇ ಎಕ್ಸ್‌ಪಿಗಳಿಗೂ ಈ ಸರ್ವರಿಗೂ ಇಂಟರ್‌ನೆಟ್ ಕೊಟ್ಟಿಲ್ಲ.

ಉಳಿದದ್ದು ಚುಟುಕಾಗಿ. ಸೆಕೆಂಡ್ ಹ್ಯಾಂಡಿಗೆ ಹಿಂದೆ ವಿಜಿಎ (ಹಳೇ ಮಾನಿಟರಿನ ಕೇಬಲ್ ಸಿಕ್ಕಿಸುವ ಜಾಗ) ಇದೆ, ಹಳೇ ಮಾನಿಟರ್ ನೇರ ಕೂತವು. ಹೊಸದಕ್ಕೆ ಎಚ್‌ಡಿಎಂಐ ಕನ್ವರ್ಟರ್ ಬೇಕಾಯಿತು. ಸೆಕೆಂಡ್ ಹ್ಯಾಂಡಿನ ಎರಡರಲ್ಲಿ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಸೆಲ್ ಸತ್ತಿತ್ತು, ತಾರೀಕು ಹಿಂದೆ ಹೋಗಿ ವೆಬ್‌ಸೈಟ್‌ಗಳೇ ತೆರೆಯುತ್ತಿರಲಿಲ್ಲ. ಸೆಲ್ ಹಾಕಿದೆ, ಸರಿಹೋಯಿತು. ವಾರಂಟಿಯಲ್ಲಿ ಹೊಸದೇ ಮೇಲು, ಅದನ್ನು ಒಪ್ಪಲೇಬೇಕು. ಜಿಯೋಜೀಬ್ರಾ, ಸ್ಕ್ರ್ಯಾಚ್, ಟಕ್ಸ್ ಪೇಂಟ್ ಎರಡರಲ್ಲೂ ಓಡುತ್ತವೆ.

ಸೆಕೆಂಡ್ ಹ್ಯಾಂಡ್ ಸೋತದ್ದು ಕಚೇರಿಯಲ್ಲಿ. ನಮ್ಮ ಹಳೇ ಕಡತಗಳೆಲ್ಲ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿವೆ, ಈಗ ಎಲ್ಲ ಕಡೆ ನಡೆಯುವ ಯುನಿಕೋಡ್‌ನಲ್ಲಿ ಅಲ್ಲ. ಮಿಂಟ್‌ಗೆ ಫಾಂಟ್ ಹಾಕಿದರೆ ಓದಬಹುದು, ಪ್ರಿಂಟೂ ತೆಗೆಯಬಹುದು. ಆದರೆ ತಿದ್ದಬೇಕು ಅಂದರೆ ಯುನಿಕೋಡ್‌ಗೆ ತಿರುಗಿಸಬೇಕು, ಒತ್ತಕ್ಷರ ಅಲ್ಲಲ್ಲಿ ಕೈಕೊಡುತ್ತದೆ. ನುಡಿಯಲ್ಲಿರುವ ಕಗಪ ಕೀಲಿಮಣೆ ವಿನ್ಯಾಸ ಮಿಂಟ್‌ನಲ್ಲೂ ಇದೆ ಅಂತ ಮೇಡಂಗೆ ಎಷ್ಟೋ ಸಲ ತೋರಿಸಿದೆ. “ಅದೆಲ್ಲ ಮಕ್ಕಳಿಗೆ ಕಲಿಸಿ ಸರ್, ನನ್ನ ನುಡಿ ನನಗೆ ಬಿಡಿ” ಅಂದರು. ಹಾಗಾಗಿ ಕಚೇರಿಯಲ್ಲಿ ವಿಂಡೋಸ್ 11 ಉಳಿದಿದೆ. ಕೈಯಲ್ಲಿ ಉಳಿದ ನಾಲ್ಕೂವರೆ ಸಾವಿರಕ್ಕೆ ಇನ್ನೊಂದಿಷ್ಟು ಸೇರಿಸಿ ಲ್ಯಾಬಿಗೆ ಆರನೇ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೇನೆ, ವಿಜಿಎ ಇರುವುದೇ.