ನಿರ್ಧಾರದ ಮನಶ್ಶಾಸ್ತ್ರ: ಸೈಮನ್, ಕಾನೆಮನ್–ಟ್ವರ್ಸ್ಕಿ, ಕ್ಲೈನ್ – ಯಾರಿಂದ ಆರಂಭಿಸುವುದು?

ಮನುಷ್ಯ ಹೇಗೆ ನಿರ್ಧರಿಸುತ್ತಾನೆ ಎಂಬುದನ್ನು ಅರಿಯಲು ಹೊರಟವರು ಈ ಮೂರರಲ್ಲಿ ಯಾವ ದಾರಿಯನ್ನು ಮೊದಲು ಹಿಡಿಯಬೇಕೆಂಬುದು ಅವರ ಮುಂದಿರುವ ಸಮಸ್ಯೆಯ ಸ್ವರೂಪವನ್ನು ಅವಲಂಬಿಸಿದೆ.

ಗ್ರಹಿಸಲು ಸುಲಭವಾದದ್ದು ಅಮೆರಿಕದ ಸಮಾಜವಿಜ್ಞಾನಿ ಹರ್ಬರ್ಟ್ ಸೈಮನ್ ಅವರ ವಿಚಾರ. ಸಮಯ, ಮಾಹಿತಿ, ಲೆಕ್ಕ ಹಾಕುವ ಶಕ್ತಿ ಮೂರೂ ಸೀಮಿತವಾದ್ದರಿಂದ ನಾವು ಅತ್ಯುತ್ತಮವಾದುದನ್ನು ಹುಡುಕುತ್ತ ಕೂರದೆ, ಸಾಕೆನಿಸುವ ಮಟ್ಟವನ್ನು ಮುಟ್ಟಿದ ಆಯ್ಕೆಗೆ ತೃಪ್ತರಾಗುತ್ತೇವೆ. ಆಯ್ಕೆಗಳ ರಾಶಿಯಲ್ಲಿ ಕಂಗೆಟ್ಟವರಿಗೆ ಇಷ್ಟೇ ಸಾಕು.

ಪ್ರಯೋಗದ ಪುರಾವೆ ಬೇಕೆನ್ನುವವರು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಅವರತ್ತ ತಿರುಗಬೇಕು. 1981ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, 600 ಜನರನ್ನು ಬಲಿ ತೆಗೆದುಕೊಳ್ಳಬಹುದಾದ ಕಾಲ್ಪನಿಕ ರೋಗವೊಂದಕ್ಕೆ ಎರಡೆರಡು ಯೋಜನೆಗಳನ್ನು ಮುಂದಿಡಲಾಯಿತು: ಒಂದರ ಫಲ ಖಚಿತ, ಇನ್ನೊಂದರದ್ದು ಅದೃಷ್ಟಕ್ಕೆ ಬಿಟ್ಟದ್ದು. ‘200 ಮಂದಿ ಉಳಿಯುತ್ತಾರೆ’ ಎಂದು ವಿವರಿಸಿದ ಖಚಿತ ಯೋಜನೆಯನ್ನು ಶೇ 72ರಷ್ಟು ಜನ ಆರಿಸಿಕೊಂಡರು. ಅದನ್ನೇ ಇನ್ನೊಂದು ಗುಂಪಿಗೆ ‘400 ಮಂದಿ ಸಾಯುತ್ತಾರೆ’ ಎಂದು ಹೇಳಿದಾಗ ಆರಿಸಿದವರು ಶೇ 22 ಮಾತ್ರ. ವಿಮೆ, ಹೂಡಿಕೆ, ಚಿಕಿತ್ಸೆಗಳಂತೆ ಅಂಕಿಗಳನ್ನು ಯಾರೋ ನಮ್ಮ ಮುಂದಿಡುವ ಕಡೆಗಳಲ್ಲಿ ಇದಕ್ಕಿಂತ ಉಪಯುಕ್ತವಾದ ಎಚ್ಚರಿಕೆ ಸಿಗಲಾರದು. ಆದರೆ ಹೇಳುವ ರೀತಿಗೆ ಮರುಳಾಗುವಂಥ ದೋಷವನ್ನು ಹೆಸರಿಸಬಲ್ಲವರೂ ಅದೇ ದೋಷಕ್ಕೆ ಬೀಳುತ್ತಾರೆ. ಕಾನೆಮನ್ ಅವರೇ ಇದನ್ನು ತಮ್ಮ ಬಗ್ಗೆ ಒಪ್ಪಿಕೊಂಡಿದ್ದರು.

ವೇಗವೇ ಮುಖ್ಯವಾದಲ್ಲಿ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೆಚ್ಚು ನೆರವಾಗುತ್ತಾರೆ. ಅನುಭವಿ ಅಗ್ನಿಶಾಮಕ ಅಧಿಕಾರಿಗಳು ಆಯ್ಕೆಗಳನ್ನು ತೂಗಿ ನೋಡದೆ, ಪರಿಸ್ಥಿತಿಯ ಗುರುತು ಹಿಡಿದು ಮುನ್ನುಗ್ಗುವುದನ್ನು ಅವರು ದಾಖಲಿಸಿದರು. ಕುತೂಹಲವೆಂದರೆ, ವಿರುದ್ಧ ದಿಕ್ಕಿನ ಕಾನೆಮನ್ ಮತ್ತು ಕ್ಲೈನ್ 2009ರಲ್ಲಿ ಒಟ್ಟಿಗೆ ಬರೆದ ಲೇಖನದಲ್ಲಿ ಒಂದು ಷರತ್ತಿಗೆ ಒಪ್ಪಿದರು: ಪರಿಸರದಲ್ಲಿ ಕ್ರಮಬದ್ಧತೆಯಿದ್ದು, ಅದನ್ನು ಕಲಿಯಲು ಸಾಕಷ್ಟು ಅವಕಾಶ ದೊರೆತಿದ್ದರೆ ಮಾತ್ರ ಅಂತಃಪ್ರಜ್ಞೆಯನ್ನು ನಂಬಬಹುದು.