ಅಜ್ಜನ ಕಥೆ ರೆಕಾರ್ಡ್ ಮಾಡಲು ಫೋನೋ, ಕಾಲರ್ ಮೈಕೋ, ರೆಕಾರ್ಡರೋ?

ಮೊದಲೇ ಹೇಳಿಬಿಡುತ್ತೇನೆ. ತೊಂಬತ್ತು ದಾಟಿದವರ ಬದುಕಿನ ಕಥೆಯನ್ನು ಅವರ ದನಿಯಲ್ಲೇ ಉಳಿಸಿಕೊಳ್ಳಬೇಕು ಅಂತಿದ್ದರೆ, ಗುಂಡಿ ಇರುವ ಹಳೇ ಮಾದರಿಯ ಪುಟ್ಟ ವಾಯ್ಸ್ ರೆಕಾರ್ಡರ್ ತೆಗೆದುಕೊಳ್ಳಿ. ಫೋನ್, ಕಾಲರ್ ಮೈಕ್, ವಿಡಿಯೋ, ವಾಯ್ಸ್ ಟೈಪಿಂಗ್ ಎಲ್ಲವನ್ನೂ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನನ್ನ ಅಜ್ಜನಿಗೆ ಈಗ 94. ಕುಂದಾಪುರದ ಕಡೆಯವರು. ಹನ್ನೊಂದು-ಹನ್ನೆರಡರ ವಯಸ್ಸಿಗೇ ಮುಂಬೈಗೆ ಬಂದರು. ಉಡುಪಿ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದರು, ಟೇಬಲ್ ಒರೆಸಿದರು, ಆಮೇಲೆ ಸಪ್ಲೈಯರ್ ಆದರು. ಓದು-ಬರಹ ಕಲಿತದ್ದು ಮುಂಬೈನ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ. ಈಗ ಡೊಂಬಿವಲಿಯಲ್ಲಿ ನಮ್ಮ ಜೊತೆ ಇದ್ದಾರೆ. ನೆನಪು ಗಟ್ಟಿಯಾಗಿದೆ, ದನಿ ಮಾತ್ರ ತೆಳ್ಳಗಾಗಿದೆ. ವಾಕ್ಯ ಮುಗಿಯುವ ಹೊತ್ತಿಗೆ ಉಸಿರು ಸಾಲುವುದಿಲ್ಲ. ಯಾವ ಸಾಧನ ಒಳ್ಳೆಯದು ಅನ್ನುವುದು ಕೊನೆಗೆ ಈ ಒಂದು ಸಂಗತಿಯ ಮೇಲೇ ನಿಂತಿತು.

ನಾನು ಮೊದಲು ದುಡ್ಡು ಕೊಟ್ಟು ತರಿಸಿದ್ದು ವೈರ್‌ಲೆಸ್ ಕಾಲರ್ ಮೈಕ್. ರೀಲ್ಸ್ ಮಾಡುವವರು ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದೇ. 1,800 ರೂಪಾಯಿ ಬಿತ್ತು. ರಿವ್ಯೂಗಳಲ್ಲಿ ಎಲ್ಲರೂ ಹೊಗಳಿದ್ದು ಅದರ ನಾಯ್ಸ್ ಕ್ಯಾನ್ಸಲೇಷನ್ ಅನ್ನು, ಅಂದರೆ ಸುತ್ತಲಿನ ಗದ್ದಲ ಅಳಿಸುವ ಸೌಲಭ್ಯವನ್ನು. ನಾನು ಮಾತಾಡಿ ಕೇಳಿದಾಗ ಫ್ಯಾನಿನ ಸದ್ದು ಪೂರ್ತಿ ಹೋಗಿತ್ತು. ಅಜ್ಜ ಮಾತಾಡಿದ್ದನ್ನು ಕೇಳಿದಾಗ ಫ್ಯಾನಿನ ಜೊತೆ ಅವರ ಮಾತಿನ ಕೊನೆಯೂ ಹೋಗಿತ್ತು.

ಆ ಮೈಕ್ ಜೋರಾಗಿ, ಏರಿಳಿತದಿಂದ ಬರುವುದನ್ನು ಮಾತು ಅಂತ ಇಟ್ಟುಕೊಳ್ಳುತ್ತದೆ. ಸಣ್ಣಗೆ, ಒಂದೇ ಸಮನೆ ಕೇಳುವುದನ್ನು ಗದ್ದಲ ಅಂತ ಅಳಿಸುತ್ತದೆ. ಬಹಳ ವಯಸ್ಸಾದವರ ದನಿಯಲ್ಲಿ ಉಸಿರಿನ ಪಾಲು ಜಾಸ್ತಿ. ಅಜ್ಜನ ಮಾತು ಇಳಿದಾಗ ಆ ಉಸಿರು ಮತ್ತು ನಮ್ಮ ಮನೆಯ ಫ್ಯಾನು ಎರಡೂ ಅದಕ್ಕೆ ಒಂದೇ. ನಮ್ಮ ಭಾಷೆಯಲ್ಲಿ ಇದು ಇನ್ನೂ ದೊಡ್ಡ ತೊಂದರೆ. ಕನ್ನಡದಲ್ಲಿ ಕೆಲಸ ಆಯಿತೋ ಇಲ್ಲವೋ ಅನ್ನುವುದು ಗೊತ್ತಾಗುವುದೇ ವಾಕ್ಯದ ಕೊನೆಯಲ್ಲಿ. "ಧಣಿಗಳು ನನ್ನ ಸಂಬಳ ಊರಿಗೆ ಕಳಿಸು..." ಎಂದು ರೆಕಾರ್ಡ್ ಆಗಿದೆ. ಕಳಿಸುತ್ತಿದ್ದರಾ, ಕಳಿಸುತ್ತಿರಲಿಲ್ಲವಾ? ಹನ್ನೆರಡು ವರ್ಷದ ಹುಡುಗನ ದುಡಿಮೆ ಅವನ ಅಮ್ಮನ ಕೈ ಸೇರಿತೋ ಇಲ್ಲವೋ ಅನ್ನುವುದು ಆ ಕಥೆಯ ಜೀವ. ಅದೇ ಅಳಿಸಿಹೋಗಿದೆ.

ಮತ್ತೆ ಕೇಳಬಹುದಿತ್ತಲ್ಲ ಅನ್ನಬಹುದು. ಕೇಳಿದೆ. ಎರಡನೇ ಸಲ ಅಜ್ಜ ಎರಡೇ ಮಾತಲ್ಲಿ ಹೇಳಿ ಮುಗಿಸಿದರು. ಮೊದಲ ಸಲ ಹೇಳುವಾಗ ಮನಿಯಾರ್ಡರಿನ ಚೀಟಿ, ಅದನ್ನು ಯಾರು ಬರೆದುಕೊಡುತ್ತಿದ್ದರು, ಅದರ ಕೆಳಗೆ ಏನು ಬರೆಸುತ್ತಿದ್ದರು ಎಲ್ಲ ತಾನಾಗಿ ಬಂದಿತ್ತು. ಈ ವಯಸ್ಸಿನವರಿಂದ ಅದೇ ಮಾತು ಅದೇ ತುಂಬು ರೂಪದಲ್ಲಿ ಮತ್ತೆ ಬರುವುದು ಕಷ್ಟ.

ನಾಯ್ಸ್ ಕ್ಯಾನ್ಸಲೇಷನ್ ಆಫ್ ಮಾಡಿದರೂ, ಮೈಕ್ ಆನ್ ಮಾಡಿದಾಗಲೆಲ್ಲ ಅದು ತಾನೇ ಮತ್ತೆ ಆನ್ ಆಗುತ್ತಿತ್ತು. ಕಸ್ಟಮರ್ ಕೇರ್‌ನವರು ಅಪ್‌ಡೇಟ್ ಬರುತ್ತದೆ ಅಂದರು, ಬರಲಿಲ್ಲ. ಅಜ್ಜನ ಹೆಗಲ ಬೈರಾಸ ಮೈಕಿಗೆ ಉಜ್ಜಿ ಬರುವ ಸರಸರ ಸದ್ದು ಬೇರೆ. ಅದನ್ನು ಮಾತ್ರ ಅದು ಒಂದಿಷ್ಟೂ ಬಿಡದೆ ಹಿಡಿಯುತ್ತಿತ್ತು!

ಫೋನ್ ಇದಕ್ಕಿಂತ ಎಷ್ಟೋ ವಾಸಿ. ದುಡ್ಡು ಖರ್ಚಿಲ್ಲ. ಏರ್‌ಪ್ಲೇನ್ ಮೋಡ್‌ಗೆ ಹಾಕಲೇಬೇಕು, ಇಲ್ಲವಾದರೆ ಮಧ್ಯೆ ಕಾಲ್ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ಆದರೆ ನನಗೆ ಫೋನ್ ಬೇಡ ಅನ್ನಿಸಿದ್ದು ಅಜ್ಜನಿಂದಾಗಿ. ಎದುರಿಗೆ ಇಟ್ಟರೆ "ಯಾರ್ ಫೋನು ಮಗಾ?" ಅನ್ನುತ್ತಾರೆ. ಅವರ ಮಟ್ಟಿಗೆ ಫೋನ್ ಅಂದರೆ ಆ ಕಡೆ ಯಾರೋ ಇದ್ದಾರೆ ಅಂತ. ಹಾಗಾಗಿ ಜೋರಾಗಿ, ಚುಟುಕಾಗಿ, ಎಲ್ಲ ಚೆನ್ನಾಗಿದೆ ಅನ್ನುವ ಹಾಗೆ ಮಾತಾಡುತ್ತಾರೆ.

ವಿಡಿಯೋ ಇಟ್ಟರೆ ಇನ್ನೂ ಬಿಗಿ. ಇಸ್ತ್ರಿ ಅಂಗಿ ಹಾಕಿಕೊಂಡು ಭಾಷಣ ಶುರು ಮಾಡುತ್ತಾರೆ. ಹಳೇ ಫೋಟೋ ತೋರಿಸಿ ಇವರು ಯಾರು ಅಂತ ಕೇಳುವಾಗ ಮಾತ್ರ ವಿಡಿಯೋ ಮಾಡುತ್ತೇನೆ.

ಇನ್ನು ರೆಕಾರ್ಡರ್. ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು, ಅಲ್ಲೇ ಪಿಸುಮಾತಿನಲ್ಲಿ ಮಾತಾಡಿ ಕೇಳಿ ತಂದೆ. ಸುಮಾರು ಐದು ಸಾವಿರ. ಅಜ್ಜನ ಪಕ್ಕದ ಸ್ಟೂಲಿನ ಮೇಲೆ ಮಡಚಿದ ಟವೆಲ್, ಅದರ ಮೇಲೆ ರೆಕಾರ್ಡರ್, ಬಾಯಿಂದ ಒಂದೂವರೆ ಗೇಣು ದೂರ. ಮುಂಬೈ ಸೆಕೆಯಲ್ಲಿ 94ರ ಅಜ್ಜನಿಗೆ ಫ್ಯಾನ್ ಆಫ್ ಮಾಡಿ ಕೂರಿಸಲು ಆಗುವುದಿಲ್ಲ. ಅದರ ಬದಲು ಮೈಕ್ ಹತ್ತಿರ ತರಬೇಕು. ದೂರ ಅರ್ಧ ಮಾಡಿದರೆ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ, ಫ್ಯಾನ್ ಇದ್ದಷ್ಟೇ ಇರುತ್ತದೆ. ಅದರ ಗುಂಯ್ ಸದ್ದು ಇಳಿಸಲು ರೆಕಾರ್ಡರಿನ ಲೋ ಕಟ್ (ತಗ್ಗು ಸ್ಥಾಯಿಯ ಸದ್ದನ್ನು ಕಡಿಮೆ ಮಾಡುವ ಸೌಲಭ್ಯ) ಸಾಕು. ಒಂದು ಎಚ್ಚರಿಕೆ: ಮಾತು ಬಂದಾಗ ಮಾತ್ರ ತಾನೇ ಶುರುವಾಗುವ ಸೌಲಭ್ಯ ಈ ರೆಕಾರ್ಡರ್‌ಗಳಲ್ಲೂ ಇರುತ್ತದೆ. ಅದನ್ನು ಮೊದಲು ಆಫ್ ಮಾಡಿ. ಅದೂ ಮೆಲುದನಿಯನ್ನು ನುಂಗುತ್ತದೆ. ಅಜ್ಜ ಸುಮ್ಮನಿದ್ದ ಹೊತ್ತೂ ರೆಕಾರ್ಡ್ ಆಗಲಿ.

ರೆಕಾರ್ಡರ್ ನನ್ನ ಮೆಚ್ಚಿನದಾದದ್ದು ದನಿಗಾಗಿ ಮಾತ್ರ ಅಲ್ಲ. ಅದರ ಸ್ಟಾಪ್ ಗುಂಡಿ ಬೆರಳಿಗೆ ಸಿಗುತ್ತದೆ. ಕೆಂಪು ದೀಪ ಇದ್ದರೆ ರೆಕಾರ್ಡ್ ಆಗುತ್ತಿದೆ ಅಂತ ಅಜ್ಜನಿಗೆ ಗೊತ್ತು. ಹೋಟೆಲಿನ ಒಬ್ಬ ಹುಡುಗ ಕಾಯಿಲೆ ಬಿದ್ದ ವಿಷಯ ಬಂದಾಗ ಅವರೇ ಗುಂಡಿ ಒತ್ತಿ ನಿಲ್ಲಿಸಿದರು. ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ಅವರ ಹಕ್ಕು. ಫೋನಿನ ಪರದೆಯಲ್ಲಿ ಅವರಿಗೆ ಇದು ಆಗುತ್ತಿರಲಿಲ್ಲ.

ಫೈಲ್ ಗಾತ್ರದ ಚಿಂತೆ ಬೇಡ. ದನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ಸಿಡಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 635 ಎಂಬಿ, ಕುಗ್ಗಿಸಿದ 192 ಕೆಬಿಪಿಎಸ್ ಎಂಪಿ3 ಆದರೆ ಸುಮಾರು 86 ಎಂಬಿ. ನಾನು ವೇವ್ ಇಡುತ್ತೇನೆ, ಎರಡು ಕಡೆ ಕಾಪಿ.

ಬರಹಕ್ಕೆ ಇಳಿಸಲು ಕನ್ನಡ ವಾಯ್ಸ್ ಟೈಪಿಂಗ್ ಅನ್ನು ನೇರವಾಗಿ ಅಜ್ಜನ ಮುಂದೆ ಇಟ್ಟರೆ ಆಗುವುದಿಲ್ಲ. ಅವರು ಯೋಚಿಸಲು ನಿಂತರೆ ಅದೂ ನಿಂತುಬಿಡುತ್ತದೆ. ನಾನು ಇಯರ್‌ಫೋನಿನಲ್ಲಿ ಕೇಳುತ್ತಾ ಅದನ್ನೇ ನನ್ನ ದನಿಯಲ್ಲಿ ಫೋನಿಗೆ ಹೇಳುತ್ತೇನೆ. ಆಗ ಚೆನ್ನಾಗಿ ಬರುತ್ತದೆ. ತಿದ್ದುವ ಕೆಲಸ ಇದ್ದೇ ಇದೆ.

ಪ್ರಶ್ನೆಗಳ ವಿಷಯದಲ್ಲೂ ಎರಡು ದಾರಿ ನೋಡಿದೆ. ಒಂದು ಸ್ಟೋರಿಕಾರ್ಪ್ಸ್‌ನ ಸಿದ್ಧ ಪಟ್ಟಿ. 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಒಂದು ಬೂತ್ ಇಟ್ಟು ಶುರು ಮಾಡಿದ, ಸಾಮಾನ್ಯ ಜನರ ಬದುಕಿನ ಮಾತು ರೆಕಾರ್ಡ್ ಮಾಡಿ ಉಳಿಸುವ ಸಂಸ್ಥೆ ಅದು. ಬಳಗದ ಇಬ್ಬರು ಕೂತು ಸುಮಾರು 40 ನಿಮಿಷ ಮಾತಾಡುವುದು ಅವರ ಪದ್ಧತಿ. ಆ ಅಳತೆ ನನಗೂ ಹಿಡಿಸಿತು, ಅಜ್ಜನಿಗೆ ಅರ್ಧ ಗಂಟೆ ಸಾಕು. ಆದರೆ ಜನ ನಿಮ್ಮನ್ನು ಹೇಗೆ ನೆನಪಿಡಬೇಕು ಅನ್ನುವಂಥ ಪ್ರಶ್ನೆಗೆ ಅಜ್ಜ ಸುಮ್ಮನಾಗುತ್ತಾರೆ. ರಾತ್ರಿ ಎಲ್ಲಿ ಮಲಗುತ್ತಿದ್ದಿರಿ ಅಂತ ಕೇಳಿದರೆ, ಮೇಜು ಜೋಡಿಸಿ ಅದರ ಮೇಲೆ ಮಲಗಿದ್ದರಿಂದ ಹಿಡಿದು ಹೇಳುತ್ತಾ ಹೋಗುತ್ತಾರೆ.

ಅವರಿಗೆ ಇಸವಿ ನೆನಪಿರುವುದಿಲ್ಲ, ಮುಂಬೈ ನೆನಪಿದೆ. ಬಂದರಿನ ಡಾಕಿನಲ್ಲಿ ದೊಡ್ಡ ಸ್ಫೋಟ ಆದಾಗ ಎಲ್ಲಿದ್ದಿರಿ? ಅದು 1944ರ ಏಪ್ರಿಲ್ 14. ಆಗ ಹೊಸ ಪೈಸೆ (ರೂಪಾಯಿಗೆ ನೂರು ಪೈಸೆಯ ಲೆಕ್ಕ) ಬಂದಿತ್ತಾ? 1957. ಟ್ರಾಮ್ ಇನ್ನೂ ಓಡುತ್ತಿತ್ತಾ? ಕೊನೆಯದು ಓಡಿದ್ದು 1964ರ ಮಾರ್ಚ್ 31ರಂದು. ಮದುವೆಯಾಗಿ ಅಜ್ಜಿಯನ್ನು ಆಗುಂಬೆ ಘಾಟಿ, ಶಿವಮೊಗ್ಗ, ಪುಣೆ ದಾರಿಯಲ್ಲಿ ಕರೆತಂದದ್ದು ಹೊಸ ಪೈಸೆ ಬಂದ ಮೇಲೆ, ಆದರೆ ಮಹಾರಾಷ್ಟ್ರ ರಾಜ್ಯ ಆಗುವ ಮೊದಲು ಅಂದರು. ಅಂದರೆ 1957ರಿಂದ 1960ರ ಮೇ ಒಳಗೆ. ಯಾವ ಸಿದ್ಧ ಪಟ್ಟಿಯಿಂದಲೂ ಇದು ಸಿಗುತ್ತಿರಲಿಲ್ಲ.

ದುಡ್ಡು ಇಲ್ಲವಾದರೆ ಕಾಯಬೇಡಿ, ಇವತ್ತೇ ಫೋನಿನಲ್ಲಿ ಶುರು ಮಾಡಿ. ಫೋನ್ ಅಂತ ಕಾಣದ ಹಾಗೆ ಅದರ ಮೇಲೊಂದು ಕರವಸ್ತ್ರ ಮುಚ್ಚಿ ಹತ್ತಿರ ಇಡಿ. ಎರಡು-ಮೂರು ಸಾವಿರ ಇದ್ದರೆ ಕಾಲರ್ ಮೈಕಿಗೆ ಹಾಕದೆ ಇನ್ನಷ್ಟು ಸೇರಿಸಿ ರೆಕಾರ್ಡರ್ ತನ್ನಿ. ನನ್ನ ಮೈಕನ್ನು ಅಣ್ಣನ ಮಗಳಿಗೆ ಕೊಟ್ಟಿದ್ದೇನೆ. ಅವಳು ಗಟ್ಟಿಯಾಗಿ ಮಾತಾಡುವ ಹುಡುಗಿ, ಅವಳ ಕಾಲೇಜಿನ ವಿಡಿಯೋಗಳಿಗೆ ಅದು ಚೆನ್ನಾಗಿಯೇ ನಡೆಯುತ್ತಿದೆ.