ಲೇತ್ ರೆಟ್ರೋಫಿಟ್‌ಗೆ 3.7 ಕಿಲೋವ್ಯಾಟ್ ಇಂಡಕ್ಷನ್ ಮೋಟಾರ್, ವೆಕ್ಟರ್ ಡ್ರೈವ್: ಎಲ್ಲಿ ಸಾಕು, ಎಲ್ಲಿ ಸಾಲದು

ಹಳೆಯ ಲೇತ್‌ಗೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣ) ಕೂರಿಸುವವರಿಗೆ, ಸ್ಪಿಂಡಲ್ (ಜಾಬ್ ತಿರುಗಿಸುವ ಮುಖ್ಯ ಶಾಫ್ಟ್) ಓಡಿಸಲು ಇಂಡಕ್ಷನ್ ಮೋಟಾರ್ ಮತ್ತು ಅದರ ವೇಗ ನಿಯಂತ್ರಿಸುವ ವೆಕ್ಟರ್ ಡ್ರೈವ್, ಈ ಜೋಡಿ ಒಳ್ಳೆಯ ಆಯ್ಕೆ. ಆದರೆ ಗೇರ್‌ಬಾಕ್ಸ್ ಕಿತ್ತು ಹಾಕಬೇಡಿ. 1440 ಆರ್‌ಪಿಎಂನಲ್ಲಿ ಮೋಟಾರ್ ಕೊಡುವ ಟಾರ್ಕ್ (ತಿರುಗಿಸುವ ಬಲ) ಸುಮಾರು 24.5 ನ್ಯೂಟನ್ ಮೀಟರ್. ಡ್ರೈವ್‌ನಿಂದ ವೇಗ ಇಳಿಸಿದರೆ ಟಾರ್ಕ್ ಏರುವುದಿಲ್ಲ, ಪವರ್ ಮಾತ್ರ ಇಳಿಯುತ್ತದೆ: 300 ಆರ್‌ಪಿಎಂನಲ್ಲಿ ಉಳಿಯುವುದು 0.77 ಕಿಲೋವ್ಯಾಟ್. ದೊಡ್ಡ ವ್ಯಾಸದ ಜಾಬ್‌ಗೆ ಆಳವಾದ ಕಟ್ ಕೊಟ್ಟರೆ ಸ್ಪಿಂಡಲ್ ನಿಂತೇಬಿಡುತ್ತದೆ. ವೇಗವನ್ನು ಅರ್ಧಕ್ಕಿಳಿಸುವ, ಕನಿಷ್ಠ 2:1 ಪುಲ್ಲಿ ಇದ್ದರೆ ಸ್ಪಿಂಡಲ್‌ನಲ್ಲಿ 49 ನ್ಯೂಟನ್ ಮೀಟರ್ ಸಿಗುತ್ತದೆ. ಗೇರ್ ಇದ್ದರೆ ಇನ್ನೂ ನೆಮ್ಮದಿ.

ನಿಧಾನಗತಿಯಲ್ಲಿ ಶಾಫ್ಟ್ ಮೇಲಿನ ಫ್ಯಾನ್ ಗಾಳಿ ಸಾಲದೆ ಮೋಟಾರಿನ ವೈಂಡಿಂಗ್ (ತಂತಿ ಸುರುಳಿ) ಬಿಸಿಯಾಗುತ್ತದೆ. ಪ್ರತ್ಯೇಕ ಬ್ಲೋವರ್ ಇರುವ ಮೋಟಾರನ್ನೇ ತೆಗೆದುಕೊಳ್ಳಿ.

ಬ್ರೇಕಿಂಗ್ ರೆಸಿಸ್ಟರ್ (ನಿಲ್ಲಿಸುವಾಗ ಬರುವ ಶಕ್ತಿಯನ್ನು ಶಾಖವಾಗಿ ಕಳೆಯುವ ಭಾಗ) ಬೇಡ ಎಂದುಕೊಳ್ಳುವವರೇ ಹೆಚ್ಚು. ಜಾಬ್ ಹಿಡಿಯುವ ಭಾರದ ಚಕ್ ಬೇಗ ನಿಲ್ಲಿಸಿದಾಗ ಮೋಟಾರ್ ಜನರೇಟರ್ ಆಗಿ, ಡ್ರೈವ್ ಒಳಗಿನ ಡಿಸಿ ಬಸ್ ವೋಲ್ಟೇಜ್ ಏರಿ ಡ್ರೈವ್ ಟ್ರಿಪ್ ಆಗುವುದು ಈ ರೆಸಿಸ್ಟರ್ ಇಲ್ಲದೆಯೇ.

ಥ್ರೆಡ್ಡಿಂಗ್‌ಗೆ (ಸ್ಕ್ರೂ ಎಳೆ ಕೊರೆಯಲು) ಸರ್ವೋ (ಸ್ಥಾನವನ್ನೂ ನಿಖರವಾಗಿ ನಿಯಂತ್ರಿಸುವ ಮೋಟಾರ್) ಬೇಕಿಲ್ಲ. ತಿರುಗುವಿಕೆ ಅಳೆಯುವ ಎನ್‌ಕೋಡರನ್ನು ಸ್ಪಿಂಡಲ್‌ಗೆ 1:1 ಟೈಮಿಂಗ್ ಬೆಲ್ಟ್‌ನಲ್ಲಿ ಜೋಡಿಸಿ. ಮೋಟಾರ್‌ಗೆ ಕಟ್ಟಿದರೆ ವಿ-ಬೆಲ್ಟ್ ಜಾರಿದಷ್ಟೂ ಥ್ರೆಡ್ ಕೆಡುತ್ತದೆ. ಸಿ-ಆಕ್ಸಿಸ್ (ಸ್ಪಿಂಡಲನ್ನು ಬೇಕಾದ ಕೋನಕ್ಕೆ ನಿಖರವಾಗಿ ತಿರುಗಿಸಿ ನಿಲ್ಲಿಸುವುದು) ಬೇಕಿದ್ದರೆ ಮಾತ್ರ ಈ ಜೋಡಿ ಸಾಲದು, ಸರ್ವೋ ಸ್ಪಿಂಡಲ್ಲೇ ಆಗಬೇಕು.